ನಿಮಗಿದು ಗೊತ್ತೆ? ಗೇರ್ ಬಾಕ್ಸಿಗೂ ನೀರು ನುಗ್ಗುತ್ತದೆ!

ಮಲ್ಲಟದ ಸುತ್ತ, ಮಾನ್ವಿ ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ತುಳಿಯುವ ಹಳೆಯ ಸಣ್ಣ ಟ್ರ್ಯಾಕ್ಟರಿನ ದೊಡ್ಡ ಶತ್ರು ನೀರು. ಆ್ಯಕ್ಸಲ್ ಸೀಲ್ ಸವೆದರೆ ನೀರು ಗೇರ್ ಬಾಕ್ಸಿನೊಳಗೆ ಇಳಿಯುತ್ತದೆ. ಗೇರ್ ಆಯಿಲ್ ಹಾಲು ಹಾಕಿದ ಚಹಾದಂತೆ ಬೆಳ್ಳಗಾಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಡ್ರೇನ್ ಬೋಲ್ಟನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲೇ ತುಸು ಸಡಿಲಿಸಿ ನೋಡಿ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಎಣ್ಣೆಯಲ್ಲಿ ನುಣ್ಣನೆಯ ಲೋಹದ ಪುಡಿ ಸಹಜ. ಕೈಗೆ ಲೋಹದ ಚೂರು ಸಿಕ್ಕರೆ ಗೇರಿನ ಹಲ್ಲು ಅಥವಾ ಬೇರಿಂಗ್ ಮುರಿದಿರಬಹುದು, ಬಿಚ್ಚಿಸಲೇಬೇಕು. ಸೀಲ್ ಬದಲಿಸದೆ ಬರೀ ಆಯಿಲ್ ಬದಲಿಸುವುದು ದುಡ್ಡು ದಂಡ.

ನೀರಷ್ಟೇ ಅಲ್ಲ, ಗೇರ್ ತಪ್ಪಾಗಿ ಬದಲಿಸಿದರೂ ಗೇರ್ ಬಾಕ್ಸ್ ಕೆಡುತ್ತದೆ. ಉದಾಹರಣೆಗೆ, ಬೆಂಗಳೂರಿನ ವಿಎಸ್‌ಟಿ ಕಂಪನಿಯ 18.5 ಅಶ್ವಶಕ್ತಿಯ ಎಂಟಿ 180ಡಿ ಟ್ರ್ಯಾಕ್ಟರಿಗೆ ಮುಂದಕ್ಕೆ 6, ಹಿಂದಕ್ಕೆ 2 ಗೇರ್. ಇದರ ಗೇರ್ ಬಾಕ್ಸ್ ಸ್ಲೈಡಿಂಗ್ ಮೆಶ್: ಹಲ್ಲುಚಕ್ರವೇ ಜಾರಿ ಇನ್ನೊಂದಕ್ಕೆ ಕೂರಬೇಕು. ಹಾಗಾಗಿ ಕ್ಲಚ್ ಪೂರ್ತಿ ಒತ್ತಿ, ಗಾಡಿ ನಿಲ್ಲಿಸಿಯೇ ಗೇರ್ ಬದಲಿಸಬೇಕು. ಓಡುವಾಗಲೇ ಎಳೆದರೆ ಕೇಳುವ ‘ಕರ್ರ್’ ಸದ್ದು ಹಲ್ಲಿನ ತುದಿ ಸವೆಯುವ ಸದ್ದೇ. ತುದಿ ದುಂಡಗಾದ ಮೇಲೆ ನೇಗಿಲ ಭಾರಕ್ಕೆ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ.