ಮೊಲದ ಕಣ್ಣಲ್ಲಿ ನೀರು ಸೋರುತ್ತಿದೆಯೇ? ತೊಂದರೆ ಹಲ್ಲಿನಲ್ಲೂ ಇರಬಹುದು!

ವಡೋದರಾ: ಗುಜರಾತ್‌ನ ವಡೋದರಾ ಪಕ್ಕದ ಕೊಯಾಲಿ ಎಂದ ಕೂಡಲೇ ನೆನಪಾಗುವುದು ಇಂಡಿಯನ್ ಆಯಿಲ್ ಕಂಪನಿಯ ತೈಲ ಸಂಸ್ಕರಣಾಗಾರ. 1965ರಲ್ಲಿ ಕೆಲಸ ಶುರು ಮಾಡಿದ ಈ ರಿಫೈನರಿಯಿಂದಾಗಿ ದೇಶದ ನಾನಾ ಭಾಗಗಳ ಜನ ಈ ಕಡೆ ಬಂದು ನೆಲೆಸಿದ್ದಾರೆ. ಇಂಥ ಊರುಗಳ ಕ್ವಾರ್ಟರ್ಸ್, ಫ್ಲ್ಯಾಟ್‌ಗಳಲ್ಲಿ ನಾಯಿ ಸಾಕಲು ಜಾಗ ಸಾಲದವರು ಮಕ್ಕಳ ಹಟಕ್ಕೆ ಮಣಿದು ಮೊಲ ತರುವುದುಂಟು. ಬೊಗಳುವುದಿಲ್ಲ, ಕಚ್ಚುವುದು ಕಡಿಮೆ, ಒಂದಿಷ್ಟು ಸೊಪ್ಪು ಹಾಕಿದರೆ ಸಾಕು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪುವುದು ಮೊಲಕ್ಕೆ ಕಾಯಿಲೆ ಬಂದಾಗ. ಅದರಲ್ಲೂ ಕಣ್ಣಿನ ಕಾಯಿಲೆ ಬಂದಾಗ.

ಬೆಳಗ್ಗೆ ಎದ್ದು ನೋಡಿದರೆ ಒಂದು ಕಣ್ಣಿನ ಕೆಳಗೆ ಕೂದಲು ಒದ್ದೆಯಾಗಿದೆ. ಮೂಲೆಯಲ್ಲಿ ಹಾಲಿನಂತೆ ಬಿಳಿ ಗೀಜು. ರಿಫೈನರಿ ಇರುವ ಊರಲ್ಲಿ ಗಾಳಿಯನ್ನು ದೂರುವುದು ಸುಲಭ. ಆದರೆ ಪಶುವೈದ್ಯರು ಮೊದಲು ನೋಡುವುದು ಮೊಲದ ಬಾಯಿ ಮತ್ತು ಅದರ ಪಂಜರ.

ಕಣ್ಣಿಗೂ ಹಲ್ಲಿಗೂ ಏನು ಸಂಬಂಧ?

ಮೊಲದ ಹಲ್ಲುಗಳು ಜೀವನ ಪೂರ್ತಿ ಬೆಳೆಯುತ್ತಲೇ ಇರುತ್ತವೆ. ಮುಂದಿನ ಮೇಲ್ಹಲ್ಲುಗಳು ವಾರಕ್ಕೆ ಸುಮಾರು 2 ಮಿಲಿಮೀಟರ್‌ನಷ್ಟು ಬೆಳೆಯುತ್ತವೆ. ದಿನವಿಡೀ ಹುಲ್ಲು ಜಗಿದರೆ ಬೆಳೆದಷ್ಟೂ ಸವೆಯುತ್ತವೆ. ಹುಲ್ಲಿನ ಬದಲು ಬ್ರೆಡ್, ಬಿಸ್ಕತ್ತು, ಚಪಾತಿ, ಕಾಳು ತಿಂದು ಬೆಳೆದ ಮೊಲದ ಹಲ್ಲು ಸರಿಯಾಗಿ ಸವೆಯುವುದಿಲ್ಲ. ಆಗ ಹಲ್ಲು ಮುಂದಕ್ಕಷ್ಟೇ ಅಲ್ಲ, ಬೇರಿನ ಕಡೆಗೂ ಚಾಚುತ್ತದೆ.

ಸಮಸ್ಯೆ ಇರುವುದೇ ಇಲ್ಲಿ. ಕಣ್ಣೀರನ್ನು ಮೂಗಿಗೆ ಸಾಗಿಸುವ ಸಣ್ಣ ನಾಳ ಈ ಹಲ್ಲುಗಳ ಬೇರಿನ ಪಕ್ಕದಲ್ಲೇ ತಿರುವು ಪಡೆದು ಸಾಗುತ್ತದೆ. ಬೇರು ಉದ್ದವಾದರೆ ನಾಳ ಒತ್ತಿ ಕಿರಿದಾಗುತ್ತದೆ. ಮನುಷ್ಯರ ಪ್ರತಿ ಕಣ್ಣಿನಲ್ಲಿ ಕಣ್ಣೀರು ಹರಿದುಹೋಗಲು ಮೇಲೆ ಒಂದು, ಕೆಳಗೆ ಒಂದು ರಂಧ್ರ ಇರುತ್ತದೆ. ಮೊಲಕ್ಕೆ ಇರುವುದು ಕೆಳರೆಪ್ಪೆಯ ಒಳಗಿನ ಒಂದೇ ರಂಧ್ರ. ಅದು ಕಟ್ಟಿದರೆ ಬೇರೆ ದಾರಿಯಿಲ್ಲ, ನೀರು ಕೆನ್ನೆಯ ಮೇಲೆ ಸೋರುತ್ತದೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. ಸದಾ ಒದ್ದೆಯಾಗಿರುವ ಚರ್ಮದ ಕೂದಲು ಉದುರಿ ಹುಣ್ಣಾಗುತ್ತದೆ.

ಇಂಥ ಮೊಲಕ್ಕೆ ತಿಂಗಳುಗಟ್ಟಲೆ ಕಣ್ಣಿನ ಡ್ರಾಪ್ಸ್ ಹಾಕಿದರೂ ಗುಣವಾಗದಿರುವುದಕ್ಕೆ ಕಾರಣ ಇದೇ. ಡ್ರಾಪ್ಸ್ ಹಾಕಿದಷ್ಟು ದಿನ ಕಡಿಮೆಯಾಗುತ್ತದೆ, ನಿಲ್ಲಿಸಿದರೆ ಮತ್ತೆ ಶುರು. ವೈದ್ಯರು ತಲೆಬುರುಡೆಯ ಎಕ್ಸ್‌ರೇ ತೆಗೆಸಿ ಹಲ್ಲಿನ ಬೇರು ನೋಡುತ್ತಾರೆ. ಕಣ್ಣಿನ ರಂಧ್ರದೊಳಗೆ ತೆಳುವಾದ ನಳಿಕೆ ತೂರಿಸಿ ಸಲೈನ್ ಹಾಯಿಸಿ ನಾಳ ತೊಳೆಯುತ್ತಾರೆ. ನಾಳ ತೆರೆದಿದ್ದರೆ ಸಲೈನ್ ಮೂಗಿನಿಂದ ಹೊರಬರುತ್ತದೆ. ಒಮ್ಮೆ ತೊಳೆದರೆ ಸಾಲದು, ಹಲವು ಬಾರಿ ತೊಳೆಯಬೇಕಾಗಬಹುದು. ಬೇರು ಒಮ್ಮೆ ಬೆಳೆದುಬಿಟ್ಟರೆ ಅದನ್ನು ಹಿಂದಿನಂತೆ ಮಾಡುವುದು ಕಷ್ಟ. ಅಂಥ ಮೊಲದ ಕಣ್ಣು ಒರೆಸುವ ಕೆಲಸ ಅದು ಬದುಕಿರುವವರೆಗೂ ಮನೆಯವರ ದಿನಚರಿಯ ಭಾಗ.

ಪಂಜರದ ಮೂಲೆ ಮೂಸಿ ನೋಡಿ

ಎರಡನೆಯ ದೊಡ್ಡ ಕಾರಣ ಮೂತ್ರ. ಪಂಜರದಲ್ಲಿ ನಿಂತ ಮೂತ್ರದಿಂದ ಅಮೋನಿಯಾ ಏಳುತ್ತದೆ. ಮೊಲದ ಮುಖ ನೆಲಕ್ಕೆ ಹತ್ತಿರ. ನಿಂತಿರುವ ಮನುಷ್ಯನ ಮೂಗಿಗೆ ತಿಳಿಯದ ಘಾಟು ಅದರ ಕಣ್ಣಿಗೆ ದಿನವಿಡೀ ಹೊಡೆಯುತ್ತಿರುತ್ತದೆ. ಬಗ್ಗಿ, ಪಂಜರದ ಮೂಲೆಗೆ ಮುಖ ಒಡ್ಡಿದಾಗ ನಿಮ್ಮ ಕಣ್ಣು ಉರಿದರೆ ಉತ್ತರ ಸಿಕ್ಕಂತೆ. ಬೇಸಿಗೆಯಲ್ಲಿ ಬಾಗಿಲು, ಕಿಟಕಿ ಮುಚ್ಚಿ ಎ.ಸಿ. ಹಾಕಿದ ಕೋಣೆಯಲ್ಲಿ ಈ ಘಾಟು ಇನ್ನೂ ಹೆಚ್ಚು. ಒದ್ದೆಯಾದ ಹಾಸು ದಿನಾ ಬದಲಿಸುವುದಕ್ಕಿಂತ ಅಗ್ಗದ ಚಿಕಿತ್ಸೆ ಇಲ್ಲ. ಘಮಘಮಿಸುವ ಫಿನೈಲ್ ಸುರಿದು ವಾಸನೆ ಮುಚ್ಚುವುದು ಪರಿಹಾರವಲ್ಲ, ಅದೂ ಕಣ್ಣು ಉರಿಸುತ್ತದೆ. ಮರದ ಹೊಟ್ಟಿನ ಧೂಳೂ ಅಷ್ಟೇ.

ಒಣಹುಲ್ಲು ಬೇಕೇ ಬೇಕು, ಆದರೆ ಅದನ್ನು ತಲೆಯ ಮೇಲಿನ ಜಾಲರಿಯಲ್ಲಿ ತುಂಬಿಟ್ಟರೆ ಧೂಳು, ಚೂಪು ಕಡ್ಡಿ ನೇರವಾಗಿ ಕಣ್ಣಿಗೆ ಬೀಳುತ್ತವೆ. ಕೊಡವಿ, ತಟ್ಟೆಯಲ್ಲಿಟ್ಟು ಕೊಡುವುದು ಮೇಲು. ಗುಜರಾತ್‌ನಲ್ಲಿ ರಜಕೋ ಎಂದು ಮಾರುವ ಮೇವು ಕರ್ನಾಟಕದ ಕುದುರೆ ಮಸಾಲೆ ಸೊಪ್ಪು. ಮೊಲ ಇದನ್ನು ಇಷ್ಟಪಟ್ಟು ತಿನ್ನುತ್ತದೆ. ಆದರೆ ಇದರಲ್ಲಿ ಸುಣ್ಣದಂಶ ಹೆಚ್ಚು, ದೊಡ್ಡ ಮೊಲಕ್ಕೆ ಇದೇ ಮುಖ್ಯ ಆಹಾರವಾದರೆ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತದೆ. ಗರಿಕೆಯಂಥ ಹುಲ್ಲು ಹೆಚ್ಚಿರಲಿ, ಕುದುರೆ ಮಸಾಲೆ ಆಗೊಮ್ಮೆ ಈಗೊಮ್ಮೆ ಸಾಕು.

ಮೊಲ ಕಣ್ಣು ಮಿಟುಕಿಸುವುದೇ ಅಪರೂಪ

ಮನುಷ್ಯ ನಿಮಿಷಕ್ಕೆ ಹತ್ತಾರು ಬಾರಿ ರೆಪ್ಪೆ ಬಡಿಯುತ್ತಾನೆ. ಮೊಲ ಗಂಟೆಗೆ 10-12 ಬಾರಿ ಬಡಿದರೆ ಹೆಚ್ಚು. ಕಣ್ಣುಗಳು ತಲೆಯ ಎರಡೂ ಪಕ್ಕಕ್ಕೆ ಉಬ್ಬಿಕೊಂಡಿರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಬೇಟೆಗೆ ಸಿಗುವ ಪ್ರಾಣಿಗೆ ಇದು ವರ. ಆದರೆ ಉಬ್ಬಿದ ಕಣ್ಣಿಗೆ ಕಡ್ಡಿ, ಉಗುರು ತಾಗುವುದೂ ಸುಲಭ. ಮೂಗಿನ ತುದಿಯ ಮುಂದಿರುವುದು ಮಾತ್ರ ಅದಕ್ಕೆ ಕಾಣುವುದಿಲ್ಲ. ಮುಖದೆದುರು ಥಟ್ಟನೆ ಕೈ ತಂದರೆ ಬೆಚ್ಚಿಬೀಳುವುದು ಅದಕ್ಕೇ.

ಈ ಕಣ್ಣಿಗೆ ಇನ್ನೊಂದು ಕಹಿ ಇತಿಹಾಸವಿದೆ. 1944ರಲ್ಲಿ ಅಮೆರಿಕದ ಜಾನ್ ಡ್ರೈಜ್ ಮತ್ತವರ ಸಹೋದ್ಯೋಗಿಗಳು ರೂಪಿಸಿದ ಪರೀಕ್ಷೆಯಲ್ಲಿ ರಾಸಾಯನಿಕಗಳನ್ನು ಮೊಲದ ಕಣ್ಣಿಗೆ ಹಾಕಿ ಎಷ್ಟು ಉರಿಯುತ್ತದೆ ಎಂದು ಅಳೆಯುತ್ತಿದ್ದರು. ಶಾಂಪೂ, ಕಾಡಿಗೆ ಎಲ್ಲವೂ ಈ ದಾರಿಯಲ್ಲೇ ಬಂದವು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು.

ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಗೀರು ಬಿದ್ದರೆ ಮೊಲ ಕಣ್ಣು ಅರ್ಧ ಮುಚ್ಚಿಕೊಂಡು ಕೂರುತ್ತದೆ, ಬೆಳಕು ಕಂಡರೆ ಮುಖ ತಿರುಗಿಸುತ್ತದೆ. ಕಣ್ಣು ಮಂಜು ಮಂಜಾಗಿ ನೀಲಿ ಬಣ್ಣಕ್ಕೆ ತಿರುಗಬಹುದು. ವೈದ್ಯರು ಹಳದಿ-ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣ ಹಾಕಿ ನೋಡಿದರೆ ಗೀರಿದ ಜಾಗದಲ್ಲಿ ಬಣ್ಣ ಅಂಟಿಕೊಳ್ಳುತ್ತದೆ. ಕೆಲವೇ ನಿಮಿಷದ ಪರೀಕ್ಷೆ ಇದು. ಇದನ್ನು ಮಾಡದೆ ಯಾವ ಡ್ರಾಪ್ಸ್ ಎಂದು ತೀರ್ಮಾನಿಸುವುದು ಅಪಾಯ.

ಮನೆಯಲ್ಲಿರುವ ಡ್ರಾಪ್ಸ್ ಹಾಕಬಹುದೇ?

ಬೇಡ. ಮನೆಯಲ್ಲಿ ಯಾರಿಗೋ ಕಣ್ಣು ಬೇನೆ ಬಂದಾಗ ತಂದ ಡ್ರಾಪ್ಸ್ ಫ್ರಿಜ್‌ನಲ್ಲಿ ಉಳಿದಿರುತ್ತದೆ. ಅದರಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇರಬಹುದು. ಗೀರು ಬಿದ್ದ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕೆಂಪು ತಕ್ಷಣ ಇಳಿಯುತ್ತದೆ, ಮನೆಯವರಿಗೆ ಸಮಾಧಾನ. ಒಳಗೆ ಗಾಯ ಮಾಗದೆ ಆಳಕ್ಕಿಳಿದು ಕಣ್ಣೇ ಒಡೆಯಬಹುದು.

ಮಾತ್ರೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮನುಷ್ಯರು ಸಲೀಸಾಗಿ ನುಂಗುವ ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳನ್ನು ಮೊಲದ ಬಾಯಿಗೆ ಹಾಕಿದರೆ ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ, ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚಿ ಪ್ರಾಣವೇ ಹೋಗಬಹುದು. ಕಣ್ಣಿಗೆಂದು ಕೊಟ್ಟ ಔಷಧಿ ಹೊಟ್ಟೆಯಲ್ಲಿ ಕೊಲ್ಲುತ್ತದೆ.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಇತ್ಯಾದಿ ಮನೆಮದ್ದುಗಳನ್ನು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾವುದೂ ಮೊಲದ ಕಣ್ಣಿಗೆ ಬೀಳಬಾರದು. ವೈದ್ಯರ ಬಳಿ ಹೋಗುವವರೆಗೆ ಮಾಡಬಹುದಾದದ್ದು ಒಂದೇ: ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಶುದ್ಧ ಬಟ್ಟೆ ನೆನೆಸಿ ಗೀಜು ಮೆತ್ತಗಾಗುವವರೆಗೆ ಒತ್ತಿ ಹಿಡಿದು, ಮೂಗಿನ ಕಡೆಯಿಂದ ಹೊರಕ್ಕೆ ಒರೆಸುವುದು. ಒಂದೊಂದು ಕಣ್ಣಿಗೆ ಬೇರೆ ಬೇರೆ ತುಂಡು. ಒಣಗಿ ಅಂಟಿದ ಗೀಜನ್ನು ಕೀಳಬೇಡಿ, ಚರ್ಮ ಕಿತ್ತುಬರುತ್ತದೆ. ಕೊನೆಗೆ ಕೂದಲನ್ನು ಒಣಗಿಸಿ.

ವೈದ್ಯರು ಡ್ರಾಪ್ಸ್ ಬರೆದುಕೊಟ್ಟ ಮೇಲೆ ಅದನ್ನು ಹಾಕುವುದೂ ಒಂದು ಕಲೆಯೇ. ಮೊಲವನ್ನು ಟವೆಲ್‌ನಲ್ಲಿ ಸುತ್ತಿ, ಹಿಂಭಾಗಕ್ಕೆ ಆಸರೆ ಕೊಟ್ಟು, ನೆಲದ ಮೇಲೆಯೇ ಕೂತು ಮಡಿಲಲ್ಲಿಟ್ಟುಕೊಳ್ಳಬೇಕು. ಹಿಂಗಾಲು ಜಾಡಿಸಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು, ಅಷ್ಟು ಹಗುರವಾದ ಮೂಳೆ ಅದು. ಬಾಟಲಿಯನ್ನು ತಲೆಯ ಹಿಂದಿನಿಂದ ತಂದರೆ ಗಾಬರಿ ಕಡಿಮೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಕಣ್ಣೊಳಗೆ ಬಿಳಿ ಗಂಟು, ಓರೆಯಾದ ತಲೆ

ಎಳೆಯ ಮೊಲದ ಕಣ್ಣೊಳಗೆ ಹತ್ತಿಯಂಥ ಬಿಳಿ ಗಂಟು ಕಂಡರೆ ಅದು ವಯಸ್ಸಾದವರ ಪೊರೆಯಂತಲ್ಲ. ಎನ್ಸೆಫಲಿಟೊಝೂನ್ ಕ್ಯುನಿಕ್ಯುಲಿ ಎಂಬ ಪರಾವಲಂಬಿ ಜೀವಿ ತಾಯಿಯ ಗರ್ಭದಲ್ಲೇ ಮರಿಯ ಕಣ್ಣಿನ ಮಸೂರ ಸೇರಿ, ಮುಂದೆ ಅದನ್ನು ಒಡೆಯುತ್ತದೆ. ಇದೇ ಜೀವಿ ಮೆದುಳಿಗೆ ತಾಗಿದರೆ ಮೊಲದ ಕತ್ತು ಒಂದು ಕಡೆಗೆ ವಾಲುತ್ತದೆ. ಕೆಳಗಾದ ಕಣ್ಣು ನೆಲಕ್ಕೆ ಉಜ್ಜಿ ಗಾಯವಾಗುತ್ತದೆ, ಮೇಲಿನದು ಒಣಗುತ್ತದೆ. ಹೀಗಾಗಿ ಕತ್ತು ವಾಲಿದ ಮೊಲಕ್ಕೆ ಮೆತ್ತನೆ ಹಾಸು ಹಾಕಿ, ವೈದ್ಯರು ಹೇಳಿದ ಕಣ್ಣಿನ ಜೆಲ್ ಹಚ್ಚಬೇಕಾಗುತ್ತದೆ. ಫೆನ್‌ಬೆಂಡಜೋಲ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ, ನಡುವೆ ನಿಲ್ಲಿಸುವಂತಿಲ್ಲ. ಸೋಂಕು ಮೂತ್ರದಿಂದ ಹರಡುವುದರಿಂದ ಮನೆಯಲ್ಲಿ ಎರಡು ಮೊಲಗಳಿದ್ದರೆ ಎರಡನ್ನೂ ತೋರಿಸಿ.

ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿದಂತೆ ಕಂಡರೆ ಅದರ ಹಿಂದೆ ಕೀವು ಕಟ್ಟಿರಬಹುದು. ಹೆಚ್ಚಾಗಿ ಅದೂ ದವಡೆ ಹಲ್ಲಿನ ಬೇರಿನಿಂದಲೇ. ಮೊಲದ ಕೀವು ಬೆಣ್ಣೆಯಂತೆ ಗಟ್ಟಿ, ಸೂಜಿ ಚುಚ್ಚಿ ತೆಗೆಯಲಾಗದು. ಬಿಳಿ ಮೊಲದ ಕೆಂಪು ಕಣ್ಣು ಮಾತ್ರ ಕಾಯಿಲೆಯಲ್ಲ, ಹುಟ್ಟಿನಿಂದ ಬಂದ ಬಣ್ಣ. ರೆಪ್ಪೆಯ ಒಳಭಾಗ ಕೆಂಪಾಗಿದೆಯೇ ಎಂದಷ್ಟೇ ನೋಡಬೇಕು.

ಎಷ್ಟು ಹೊತ್ತು ಕಾಯಬಹುದು?

ಕಣ್ಣು ಮುಚ್ಚಿಕೊಂಡಿದ್ದರೆ, ಮಂಜಾಗಿದ್ದರೆ, ಉಬ್ಬಿದ್ದರೆ ಅದೇ ದಿನ ತೋರಿಸಬೇಕು. ಇನ್ನೊಂದು ಲಕ್ಷಣ ಅದಕ್ಕಿಂತ ತುರ್ತಿನದು: ಮೊಲ ಮೇವು ಬಿಟ್ಟಿರುವುದು. ನೋವಿನಲ್ಲಿರುವ ಮೊಲ ಕೂಗುವುದಿಲ್ಲ, ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತದೆ, ತಿನ್ನುವುದು ನಿಲ್ಲಿಸುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದಿದ್ದರೆ ಅದರ ಕರುಳು ನಿಂತುಹೋಗುತ್ತಿದೆ ಎಂದರ್ಥ. ಕಣ್ಣಿನ ನೋವಿನಿಂದ ಶುರುವಾದದ್ದು ಹೀಗೆ ಸಾವಿನಲ್ಲಿ ಮುಗಿಯಬಹುದು.

ವಡೋದರಾದಿಂದ ಸುಮಾರು 40 ಕಿ.ಮೀ. ದೂರದ ಆನಂದ್‌ನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಇಂಥ ಕಾಲೇಜುಗಳಿವೆ. ನಾಯಿ, ಹಸು ನೋಡುವ ಎಲ್ಲ ವೈದ್ಯರಿಗೂ ಮೊಲದ ಅಭ್ಯಾಸ ಇರುವುದಿಲ್ಲ. ಹೋಗುವ ಮುನ್ನ ಫೋನ್ ಮಾಡಿ, ಮೊಲ ನೋಡುತ್ತೀರಾ ಎಂದು ಕೇಳುವುದು ಒಳ್ಳೆಯದು.

ಪ್ರಯಾಣದಲ್ಲೂ ಎಚ್ಚರ ಇರಲಿ. ಮೇ ತಿಂಗಳಲ್ಲಿ ವಡೋದರಾದ ಬಿಸಿಲು 40 ಡಿಗ್ರಿ ದಾಟುತ್ತದೆ, ಮೊಲಕ್ಕೆ 30 ಡಿಗ್ರಿಯೇ ಹೆಚ್ಚು. ಬೆಳಗಿನ ಹೊತ್ತೇ ಹೊರಡಿ, ಐಸ್ ಕಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಮನೆಯಲ್ಲಿ ಕೂಲರ್ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ನೋಡಿಕೊಳ್ಳಿ, ಮಿಟುಕಿಸದ ಕಣ್ಣು ಬೇಗ ಒಣಗುತ್ತದೆ.

ಕಣ್ಣು ಉಳಿಯದಿದ್ದರೆ?

ಕೆಲವೊಮ್ಮೆ ನೋವು ನಿಲ್ಲಿಸಲು ಕಣ್ಣನ್ನೇ ತೆಗೆಯಬೇಕಾಗುತ್ತದೆ. ಕೇಳಿ ಕಂಗಾಲಾಗುವವರೇ ಹೆಚ್ಚು, ಆದರೆ ಮೊಲ ಇದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಪೂರ್ತಿ ಕುರುಡಾದ ಮೊಲವೂ ಮೀಸೆ, ಮೂಗು, ಕಿವಿಯ ನೆರವಿನಿಂದ ಮನೆಯ ನಕಾಶೆ ನೆನಪಿಟ್ಟುಕೊಳ್ಳುತ್ತದೆ. ಅದಕ್ಕಾಗಿ ನೀರಿನ ಬಟ್ಟಲು, ಮೇವಿನ ತಟ್ಟೆ, ಮಲಗುವ ಮೂಲೆ ಇದ್ದಲ್ಲೇ ಇರಬೇಕು. ಕುರ್ಚಿ, ಮೇಜು ಪದೇ ಪದೇ ಸರಿಸಬಾರದು. ಮುಟ್ಟುವ ಮುನ್ನ ಮಾತಾಡಿಸಬೇಕು. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿಕೊಟ್ಟರೆ ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಜೊತೆಗೆ ಇನ್ನೊಂದು ಮೊಲವಿದ್ದರೆ ಕುರುಡು ಮೊಲ ಅದರ ಮೈಗೆ ಅಂಟಿಕೊಂಡೇ ಓಡಾಡುತ್ತದೆ, ಆ ಜೊತೆಗಾರ ಅದರ ಕಣ್ಣಿನ ಮೂಲೆಯನ್ನೂ ನೆಕ್ಕಿ ಸ್ವಚ್ಛ ಮಾಡುತ್ತದೆ.