ತಾರಸಿ ತೋಟಕ್ಕೆ ತಾನಾಗಿ ನೀರು: ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ

ಬೆಂಗಳೂರಿನ ಎಷ್ಟೋ ಮನೆಗಳ ತಾರಸಿಯಲ್ಲಿ ನೀರಿನ ಟ್ಯಾಂಕೂ ಕುಂಡಗಳ ಸಾಲೂ ಅಕ್ಕಪಕ್ಕದಲ್ಲೇ ಇರುತ್ತವೆ. ಆದರೂ ಮನೆಯವರು ಬೇಸಿಗೆಯಲ್ಲಿ ನಾಲ್ಕು ದಿನ ಊರಿಗೆ ಹೋದರೆ ಸಾಕು, ಟೊಮ್ಯಾಟೊ, ಬದನೆ, ಮೆಣಸಿನ ಗಿಡಗಳು ಬಾಡಿಹೋಗುತ್ತವೆ. ಕಾದ ಕಾಂಕ್ರೀಟಿನ ಮೇಲಿರುವ ಕುಂಡಕ್ಕೆ ನೆಲದೊಳಗಿನ ತೇವದ ಆಸರೆಯಿಲ್ಲ. ಅದರ ಬೇರು ಆಳಕ್ಕಿಳಿದು ನೀರು ಹುಡುಕುವಂತೆಯೂ ಇಲ್ಲ. ಟೈಮರ್, ಪೈಪು, ಡ್ರಿಪ್ಪರ್ ಎಲ್ಲ ಸೇರಿದ ಕಿಟ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಆದರೆ ತಂದು ಜೋಡಿಸಿದ ಮೇಲೆ ಕೆಲವು ಕುಂಡ ಕೆಸರಾಗುತ್ತವೆ, ಕೆಲವು ಒಣಗಿಯೇ ಉಳಿಯುತ್ತವೆ. ಬಹಳ ಸಲ ಇದಕ್ಕೆ ಕಾರಣ, ಟ್ಯಾಂಕಿನ ಎತ್ತರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇರುವುದು.

ಎತ್ತರವೇ ಒತ್ತಡ

ಟ್ಯಾಂಕು 500 ಲೀಟರಿನದಾಗಲಿ, 2,000 ಲೀಟರಿನದಾಗಲಿ, ಅದರೊಳಗಿನ ನೀರಿನ ಮಟ್ಟ ಕುಂಡಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೇ ಒತ್ತಡ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಮೂರಂತಸ್ತಿನ ಮನೆಯ ಟ್ಯಾಂಕಿನಿಂದ ಅಂಗಳದ ಕೈತೋಟಕ್ಕೆ ಇಳಿಯುವ ನೀರಿಗೆ ಹೆಚ್ಚುಕಡಿಮೆ ಇಷ್ಟು ಬಲವಿರುತ್ತದೆ. ಅದೇ ಟ್ಯಾಂಕಿನ ನೀರು ತಾರಸಿಯ ಕುಂಡಗಳಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್.

ಡ್ರಿಪ್ಪರ್ ಮೇಲೆ ‘ಗಂಟೆಗೆ 4 ಲೀಟರ್’ ಎಂದಿದ್ದರೆ ಅದು ಸಾಮಾನ್ಯವಾಗಿ 1 ಬಾರ್ ಒತ್ತಡದ ಲೆಕ್ಕ. ಸಾಧಾರಣ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 0.2ರ ವರ್ಗಮೂಲ ಸುಮಾರು 0.45. ಹಾಗಾಗಿ ತಾರಸಿಯಲ್ಲಿ ಆ ಡ್ರಿಪ್ಪರ್ ಗಂಟೆಗೆ 1.8 ಲೀಟರ್ ಮಾತ್ರ ಕೊಡುತ್ತದೆ. ಟ್ಯಾಂಕು ತುಂಬಿ ನೀರಿನ ಮಟ್ಟ 3 ಮೀಟರಿಗೆ ಏರಿದರೆ 2.2 ಲೀಟರ್.

ಹೀಗೇಕೆ ಎಂದು ತಿಳಿಯಲು ಡ್ರಿಪ್ಪರಿನ ಹೊಟ್ಟೆಯೊಳಗೆ ಇಣುಕಬೇಕು. ಸಣ್ಣ ತೂತೊಂದರಿಂದಲೇ ಹನಿಸಹೊರಟರೆ ಅದು ಬಹುಬೇಗ ಕಟ್ಟಿಕೊಳ್ಳುತ್ತದೆ. ಇಸ್ರೇಲಿನ ನೀರಾವರಿ ಎಂಜಿನಿಯರ್ ಸಿಂಖಾ ಬ್ಲಾಸ್ ಬೇರೆ ದಾರಿ ಹಿಡಿದರು. ಸೋರುವ ಕೊಳಾಯಿಯ ಬಳಿ ಮರವೊಂದು ಸೊಂಪಾಗಿ ಬೆಳೆದದ್ದನ್ನು 1930ರ ದಶಕದಲ್ಲಿ ಗಮನಿಸಿದ್ದ ಅವರು, ಮುಂದೆ ಪ್ಲಾಸ್ಟಿಕ್ ಬಂದ ಮೇಲೆ, ನೀರನ್ನು ಉದ್ದವಾದ ಸುರುಳಿ ಹಾದಿಯಲ್ಲಿ ಸುತ್ತಾಡಿಸಿ ಘರ್ಷಣೆಯಿಂದಲೇ ಅದರ ವೇಗ ಕುಗ್ಗಿಸುವ ಸಾಧನ ರೂಪಿಸಿದರು. 1965ರಲ್ಲಿ ಹಾಟ್ಸೆರಿಮ್ ಎಂಬ ಕಿಬ್ಬುಟ್ಸ್ (ಸಾಮೂಹಿಕ ಕೃಷಿಗ್ರಾಮ) ಜೊತೆಗೂಡಿ ಅದರ ತಯಾರಿಕೆಗೆ ಇಳಿದರು. ಇಂದಿನ ಡ್ರಿಪ್ಪರನ್ನು ಬಿಚ್ಚಿದರೂ ಒಳಗೆ ಹಲ್ಲುಹಲ್ಲಾದ ಅಂಕುಡೊಂಕು ಕಾಲುವೆ ಕಾಣುತ್ತದೆ. ಆ ತಿರುವುಗಳಲ್ಲಿ ನೀರು ಸುಳಿಸುಳಿಯಾಗಿ ತನ್ನ ಬಲ ಕಳೆದುಕೊಂಡು, ಕೊನೆಗೆ ಹನಿಯಾಗಿ ಹೊರಬರುತ್ತದೆ.

ಒತ್ತಡ ಕಡಿಮೆಯಿದ್ದಲ್ಲಿ ಎತ್ತರದ ಸಣ್ಣ ವ್ಯತ್ಯಾಸವೂ ದೊಡ್ಡದೇ. 10 ಮೀಟರ್ ಎತ್ತರದಿಂದ ನೀರು ಬರುವಲ್ಲಿ ಒಂದು ಕುಂಡ ಅರ್ಧ ಮೀಟರ್ ಮೇಲಿದ್ದರೆ ಅದಕ್ಕೆ ಶೇ 2ರಿಂದ 3ರಷ್ಟು ನೀರು ಕಡಿಮೆಯಾಗಬಹುದು. 2 ಮೀಟರ್ ಎತ್ತರದಿಂದ ಬರುವಲ್ಲಿ ಅದೇ ಅರ್ಧ ಮೀಟರು ಶೇ 13ರಷ್ಟನ್ನು ಕಸಿಯುತ್ತದೆ. ಆದ್ದರಿಂದ ಸ್ಟ್ಯಾಂಡಿನ ಮೇಲಿನ ಕುಂಡಗಳಿಗೂ ನೆಲದ ಮೇಲಿನವಕ್ಕೂ ಬೇರೆ ಬೇರೆ ಲೈನ್ ಎಳೆದು, ಒಂದೊಂದಕ್ಕೂ ಒಂದು ವಾಲ್ವ್ ಕೊಡುವುದು ಒಳ್ಳೆಯದು.

ಯಾವ ಬಿಡಿಭಾಗ ಕೊಳ್ಳಬೇಕು ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಎಲ್ಲ ಗಿಡಕ್ಕೂ ಒಂದೇ ಅಳತೆ ಕೊಡುವ, ಒಳಗೆ ರಬ್ಬರ್ ಪೊರೆಯಿರುವ ದುಬಾರಿ ಡ್ರಿಪ್ಪರ್‌ಗಳಿಗೆ ಸಾಮಾನ್ಯವಾಗಿ 0.5 ಬಾರ್ ಆಸುಪಾಸಿನ ಒತ್ತಡವಾದರೂ ಬೇಕು. ತಾರಸಿಯಲ್ಲಿ ಅವು ದಂಡ. ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್‌ಗಳಲ್ಲೂ ಹಲವು ಮಾದರಿಗಳು ನೀರಿನದೇ ಒತ್ತಡದಿಂದ ಪೊರೆಯನ್ನೆತ್ತಿ ತೆರೆದುಕೊಳ್ಳುವಂಥವು. ಒತ್ತಡ ಸಾಲದಿದ್ದರೆ ಅವು ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ತಾರಸಿಗೆ ಒಗ್ಗುವುದು ಪುಟ್ಟ ಮೋಟಾರು ತಿರುಗಿಸುವ ಬಾಲ್ ವಾಲ್ವ್ ಟೈಮರ್. ಕೊಳ್ಳುವಾಗ ‘ಶೂನ್ಯ ಒತ್ತಡದಲ್ಲೂ ಕೆಲಸ ಮಾಡುತ್ತದೆಯೇ’ ಎಂದು ಕೇಳಿಯೇ ಕೊಳ್ಳಿ. ಟ್ಯಾಂಕಿನ ಹೊರದಾರಿಗೆ 120 ಮೆಶ್ ಫಿಲ್ಟರ್, ಅದರಾಚೆ ಟೈಮರ್, ಆಮೇಲೆ 16 ಮಿಲಿಮೀಟರ್‌ನ ಕಪ್ಪು ಪೈಪು, ಕುಂಡಕ್ಕೊಂದು ಡ್ರಿಪ್ಪರ್, ತುದಿಗೆ ಎಂಡ್ ಕ್ಯಾಪ್: ಇಷ್ಟೇ ಜೋಡಣೆ. ಪೈಪಿನ ಕಪ್ಪು ಬಣ್ಣ ಬೆಳಕನ್ನು ತಡೆದು ಒಳಗೆ ಪಾಚಿ ಬೆಳೆಯದಂತೆ ನೋಡಿಕೊಳ್ಳುತ್ತದೆ.

ಗಿಡಕ್ಕೆ ಬೇಕಾದಷ್ಟು

ಬೆಂಗಳೂರಿನ ಬೇಸಿಗೆಯಲ್ಲಿ ಗಿಡದ ಎಲೆಗಳಿಂದಲೂ ಮಣ್ಣಿನಿಂದಲೂ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. 60 ಸೆಂಟಿಮೀಟರ್ ಅಗಲ ಹರಡಿದ ಟೊಮ್ಯಾಟೊ ಗಿಡದ ನೆರಳಿನ ವಿಸ್ತೀರ್ಣ 0.28 ಚದರ ಮೀಟರ್. ಅದಕ್ಕೆ ದಿನಕ್ಕೆ ಬೇಕಾದ್ದು ಸುಮಾರು 1.4 ಲೀಟರ್. ಇಲ್ಲಿ ಅಳೆಯಬೇಕಾದ್ದು ಗಿಡದ ಹರವನ್ನು. ಕುಂಡದ ಬಾಯಿಯನ್ನು ಅಳೆದರೆ ನೀರು ಸಾಲದೇ ಹೋಗುತ್ತದೆ.

ಗಂಟೆಗೆ 1.8 ಲೀಟರ್ ಕೊಡುವ ಡ್ರಿಪ್ಪರಿಗೆ ಇದು ಮುಕ್ಕಾಲು ಗಂಟೆಯ ಕೆಲಸ. ಒಂದೇ ಸಲ ಬಿಟ್ಟರೆ ಕುಂಡ ಅಷ್ಟನ್ನೂ ಹಿಡಿಯಲಾರದೆ ತಳದ ತೂತಿನಿಂದ ಹೊರಬಿಡುತ್ತದೆ, ಜೊತೆಗೆ ಗೊಬ್ಬರದ ಸತ್ವವೂ ಹರಿದುಹೋಗುತ್ತದೆ. ಬೆಳಗಿನ ಜಾವ 25 ನಿಮಿಷ, ಇಳಿಹೊತ್ತಿಗೆ 20 ನಿಮಿಷ ಎಂದು ಹಂಚಿದರೆ ಬೇರು ಎರಡನ್ನೂ ಬಳಸಿಕೊಳ್ಳುತ್ತದೆ. ನಡುಹಗಲಿನಲ್ಲಿ ಕಪ್ಪು ಪೈಪಿನೊಳಗಿನ ನೀರು ಬಿಸಿಯಾಗಿರುತ್ತದೆ. ಆ ಹೊತ್ತು ಬೇಡ. ಕೋಕೋಪೀಟ್, ಮರಳು ಹೆಚ್ಚಿರುವ ಹಗುರ ಮಿಶ್ರಣದಲ್ಲಿ ಹನಿ ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುವುದರಿಂದ ಅಗಲವಾದ ಗ್ರೋ ಬ್ಯಾಗಿಗೆ ಎರಡು ಡ್ರಿಪ್ಪರ್ ಬೇಕು.

ಮಣ್ಣನ್ನೇ ಕೇಳುವುದು

ಟೈಮರಿಗೆ ಮೋಡವೂ ತಿಳಿಯದು, ಮಳೆಯೂ ತಿಳಿಯದು. ಸದಾ ನೆನೆದ ಮಣ್ಣಿನಲ್ಲಿ ಗಾಳಿಯ ಜಾಗವನ್ನೆಲ್ಲ ನೀರು ತುಂಬಿ, ಬೇರಿಗೆ ಆಮ್ಲಜನಕ ಸಿಗದೆ ಕೊಳೆ ಹಿಡಿಯುತ್ತದೆ. ತೇವ ಅಳೆಯುವ ಸೆನ್ಸರ್ ನೆರವಾಗುವುದು ಇಲ್ಲಿ. ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ ಹರಿಸುವ ಅಗ್ಗದ ಸೆನ್ಸರ್ ಬೇಗನೆ ತುಕ್ಕು ಹಿಡಿದು ತಪ್ಪು ಹೇಳತೊಡಗುತ್ತದೆ. ಧಾರಕ ಗುಣವನ್ನು ಅಳೆಯುವ ಕೆಪ್ಯಾಸಿಟಿವ್ ಸೆನ್ಸರಿನ ಲೋಹ ಮಣ್ಣಿಗೆ ತಾಕುವುದಿಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು 3ರಿಂದ 5. ಈ ಭಾರಿ ಅಂತರದಿಂದಲೇ ಅದು ತೇವವನ್ನು ಗುರುತಿಸುತ್ತದೆ. ನಿಮ್ಮದೇ ಮಣ್ಣಿನ ಮಿಶ್ರಣವನ್ನು ಒಣಗಿಸಿ ಒಮ್ಮೆ, ನೆನೆಸಿ ನೀರು ಬಸಿದ ಮೇಲೆ ಒಮ್ಮೆ ಅಳತೆ ತೆಗೆದು ಮಿತಿ ಗೊತ್ತುಮಾಡಿ. ಸೆನ್ಸರ್ ತಾನು ನಿಂತ ಕುಂಡದ ಸುದ್ದಿಯನ್ನಷ್ಟೇ ಹೇಳುವುದರಿಂದ, ಎಲ್ಲಕ್ಕಿಂತ ಬೇಗ ಒಣಗುವ ಕುಂಡದಲ್ಲಿ ಅದನ್ನು ಊರಬೇಡಿ. ನಡುಮಟ್ಟದ ಕುಂಡ ಆರಿಸಿ.

ವಿದ್ಯುತ್ತೇ ಬೇಡವೆನ್ನುವವರಿಗೆ ಮಡಕೆ ನೀರಾವರಿಯಿದೆ. ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ದೊಡ್ಡ ಕುಂಡದಲ್ಲಿ ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಸುತ್ತಲ ಮಣ್ಣು ಒಣಗಿದಷ್ಟೂ ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ತೇವಗೊಂಡಂತೆ ಸೆಳೆತ ತಗ್ಗುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನಾದ ಫಾನ್ ಷೆಂಗ್‌ಝಿಯ ಕೃಷಿಗ್ರಂಥದಲ್ಲೇ ಈ ವಿಧಾನದ ವಿವರವಿದೆ. ಸೆನ್ಸರೂ ವಾಲ್ವೂ ಎರಡೂ ಆಗಿ ದುಡಿಯುವುದು ಆ ಗಡಿಗೆಯ ಗೋಡೆಯೇ.

ನೀರು ಎಲ್ಲಿಂದ, ನಿಗಾ ಹೇಗೆ?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರನ್ನು ಕುಂಡಕ್ಕೆ ಸುರಿಯುವ ಬದಲು ತೋಟಕ್ಕೆಂದೇ ಪ್ರತ್ಯೇಕ ಡ್ರಮ್ ಇಡುವುದು ಮೇಲು. ಮಳೆನೀರು, ಏಸಿಯಿಂದ ಬಸಿಯುವ ನೀರು ಅದಕ್ಕೆ ಹೋಗಲಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೊಂದನ್ನೇ ಹಾಕುತ್ತ ಹೋದರೆ ಕುಂಡದ ಮಣ್ಣು ಉಪ್ಪಾಗುತ್ತದೆ. ನಮ್ಮ ಲೆಕ್ಕದ 30 ಗಿಡಗಳಿಗೆ ದಿನಕ್ಕೆ 42 ಲೀಟರ್ ಬೇಕು. 200 ಲೀಟರಿನ ಡ್ರಮ್ ನಾಲ್ಕು ದಿನದ ಪ್ರಯಾಣಕ್ಕೆ ಸಾಕು. ಪೈಪು ಕಳಚಿಕೊಂಡರೂ ಪೋಲಾಗುವುದು ಡ್ರಮ್ಮಿನಷ್ಟು ನೀರು, ಮನೆಯ ಟ್ಯಾಂಕು ಬರಿದಾಗುವುದಿಲ್ಲ.

ಊರಿಗೆ ಹೊರಡುವ ವಾರ ಮೊದಲೇ ವ್ಯವಸ್ಥೆಯನ್ನು ಓಡಿಸಿ ನೋಡಿ. ಲೈನಿನ ಮೊದಲ, ನಡುವಿನ, ಕೊನೆಯ ಡ್ರಿಪ್ಪರುಗಳ ಕೆಳಗೆ ಹತ್ತು ನಿಮಿಷ ಪಾತ್ರೆಯಿಟ್ಟು ಅಳೆಯಿರಿ. ಗಂಟೆಗೆ 1.8 ಲೀಟರ್ ಎಂದರೆ ಪ್ರತಿ ಪಾತ್ರೆಯಲ್ಲೂ 300 ಮಿಲಿಲೀಟರ್ ಇರಬೇಕು. ಒಂದರಲ್ಲಿ ತೀರಾ ಕಡಿಮೆಯಿದ್ದರೆ ಆ ಡ್ರಿಪ್ಪರ್ ಕಟ್ಟಿಕೊಂಡಿದೆ. ಬೋರ್‌ವೆಲ್‌ನ ಗಡಸು ನೀರು ಬಿಟ್ಟ ಬಿಳಿ ಸುಣ್ಣದ ಪದರವನ್ನು ವಿನೆಗರಿನಲ್ಲಿ ನೆನೆಸಿ ತೆಗೆಯಬಹುದು.

ಕೈಯಾರೆ ನೀರುಣಿಸುವಾಗ ನಾವು ಪ್ರತಿ ಗಿಡವನ್ನೂ ನೋಡುತ್ತಿದ್ದೆವು. ಎಲೆಯಡಿಯ ಹೇನು, ಬುಡದ ಕೊಳೆ ಆಗಲೇ ಕಣ್ಣಿಗೆ ಬೀಳುತ್ತಿತ್ತು. ಹನಿ ನೀರಾವರಿ ಬಂದ ಮೇಲೆ ಆ ನೋಟ ತಪ್ಪಿಹೋಗುವ ಅಪಾಯವಿದೆ. ಕಟ್ಟಿಕೊಂಡ ಡ್ರಿಪ್ಪರಂತೂ ಗಿಡ ಬಾಡುವವರೆಗೂ ಸುಳಿವು ಕೊಡುವುದಿಲ್ಲ. ಹಾಗಾಗಿ ಕೊಡ ಹೊರುವುದು ತಪ್ಪಿ ಉಳಿದ ಹೊತ್ತಿನಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಎಂಡ್ ಕ್ಯಾಪ್ ಬಿಚ್ಚಿ ಪೈಪಿನ ಕಸ ಹೊರಬಿಡಿ, ಒಂದೊಂದು ಗಿಡದ ಎಲೆಯನ್ನೂ ಮಗುಚಿ ನೋಡಿ. ನೀರುಣಿಸುವುದನ್ನು ಯಂತ್ರಕ್ಕೆ ವಹಿಸಬಹುದು, ಗಿಡ ನೋಡಿಕೊಳ್ಳುವುದು ನಮ್ಮದೇ ಕೆಲಸ.