ಸಂಘವಿಲ್ಲದ ಮುಷ್ಕರ ಮತ್ತು ಭವಿಷ್ಯ ನಿಧಿಯ ಲೆಕ್ಕ

ಆಯುಷ್ಯ ಹೆಚ್ಚಿ ಜನನ ಪ್ರಮಾಣ ಕುಗ್ಗಿದ ದೇಶಗಳಲ್ಲಿ ಪಿಂಚಣಿಯ ಹೊರೆ ಸರ್ಕಾರಗಳ ನಿದ್ದೆಗೆಡಿಸಿದೆ. 2023ರಲ್ಲಿ ಫ್ರಾನ್ಸ್ ಸರ್ಕಾರವು ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಹೊರಟಾಗ ಎಂಟು ಪ್ರಮುಖ ಕಾರ್ಮಿಕ ಸಂಘಗಳು ಒಂದಾಗಿ, ಜನವರಿಯಿಂದ ಜೂನ್‌ವರೆಗೆ 14 ದಿನ ರಾಷ್ಟ್ರವ್ಯಾಪಿ ಪ್ರತಿಭಟನೆ ನಡೆಸಿದವು. ಕಾನೂನು ಜಾರಿಯಾಯಿತಾದರೂ 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಪ್ರಧಾನಿಯೇ ಅದನ್ನು ತಡೆಹಿಡಿಯುವ ಪ್ರಸ್ತಾಪ ಮುಂದಿಡಬೇಕಾಯಿತು. ಆದರೆ ಅಲ್ಲಿನ ಉದ್ಯಮಿಗೆ ಮುಷ್ಕರದ ದಿನಾಂಕ ಮೊದಲೇ ತಿಳಿದಿರುತ್ತಿತ್ತು; ಮಾತುಕತೆಗೆ ಮುಖಂಡರಿದ್ದರು.

ನಮ್ಮ ಬೆಂಗಳೂರಿನಲ್ಲಿ ಹಾಗಿರಲಿಲ್ಲ. 2016ರ ಫೆಬ್ರವರಿ 10ರ ಕೇಂದ್ರದ ಅಧಿಸೂಚನೆಯು ಭವಿಷ್ಯ ನಿಧಿಯಲ್ಲಿನ ಮಾಲೀಕರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ನಿರ್ಬಂಧಿಸಿತು. ಏಪ್ರಿಲ್ 18ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಯಾವ ಸಂಘದ ಕರೆಯೂ ಇಲ್ಲದೆ ಹೊಸೂರು ರಸ್ತೆಗಿಳಿದರು. ಮರುದಿನವೂ ಪ್ರತಿಭಟನೆ ಮುಂದುವರಿದು, ಅಂದೇ ಅಧಿಸೂಚನೆ ರದ್ದಾಯಿತು. ಆ ಎರಡು ದಿನ ಯಾರೊಡನೆ ಮಾತನಾಡಬೇಕೆಂಬುದೇ ಮಾಲೀಕರಿಗೆ ತೋಚಲಿಲ್ಲ. ಸಂಘವಿಲ್ಲದ ಕಾರ್ಖಾನೆ ನೆಮ್ಮದಿಯ ಕಾರ್ಖಾನೆಯೆಂಬ ನಂಬಿಕೆಯನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಲೆಕ್ಕವನ್ನೇ ನೋಡೋಣ. ಮಾಸಿಕ ವೇತನ 10,000 ರೂ. ಎನ್ನಿ. ಮಾಲೀಕರ ಶೇ. 12ರ ವಂತಿಗೆಯಾದ 1,200 ರೂ.ಗಳಲ್ಲಿ 833 ರೂ. ಪಿಂಚಣಿ ಯೋಜನೆಗೆ ಹೋಗಿ, 367 ರೂ. ಮಾತ್ರ ಭವಿಷ್ಯ ನಿಧಿಗೆ ಸೇರುತ್ತದೆ. ಐದು ವರ್ಷಕ್ಕೆ ಬಡ್ಡಿಯಿಲ್ಲದೆ 22,020 ರೂ. ನಮ್ಮ ವಹಿವಾಟಿನಲ್ಲಿ ಇದು ಅಲ್ಪ ಮೊತ್ತ. ಮನೆಯ ಮುಂಗಡ, ಮಕ್ಕಳ ಶುಲ್ಕ, ಊರಿನ ಸಾಲ ತೀರಿಸಬೇಕಾದವಳಿಗೆ ಅಲ್ಲ. ಪಿಂಚಣಿಯಾದರೋ, ಹತ್ತು ವರ್ಷ ದುಡಿದು 28ರಲ್ಲಿ ಕೆಲಸ ಬಿಟ್ಟವಳಿಗೆ, ವೇತನವನ್ನು ಸೇವಾವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ, ತಿಂಗಳಿಗೆ ಸುಮಾರು 1,428 ರೂ. ಅದೂ 58 ತುಂಬಿದ ಮೇಲೆ!

ವೃದ್ಧಾಪ್ಯಕ್ಕೆ ಉಳಿತಾಯ ಬೇಡವೆಂದು ನಾನು ವಾದಿಸುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ನಾವೂ ಫ್ರಾನ್ಸಿನ ಹಾದಿಯಲ್ಲೇ ಇದ್ದೇವೆ. ಆದರೆ ನಮ್ಮ ಕಕ್ಷಿದಾರರಲ್ಲಿ ಅನೇಕರು ಚಲನ್ ಕಟ್ಟಿದೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಖಾತೆಯಲ್ಲಿ ಎಷ್ಟಿದೆ, ಯಾವಾಗ ಸಿಗುತ್ತದೆ ಎಂದು ನೌಕರನಿಗೆ ಹೇಳುವವರೇ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿ ಸಂಘಟನೆಯ ಕೇಂದ್ರೀಯ ಮಂಡಳಿಯು ಖಾತೆಯಲ್ಲಿ ಶೇ. 25ರಷ್ಟು ವಂತಿಗೆಯನ್ನು ಕನಿಷ್ಠ ಶಿಲ್ಕಾಗಿ ಉಳಿಸಲೂ, ಅವಧಿಪೂರ್ವ ಅಂತಿಮ ಪಾವತಿಯ ಕಾಯುವಿಕೆಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸಲೂ ನಿರ್ಣಯಿಸಿತು. ಸದಸ್ಯ ಬಾಂಧವರು ಈ ವಿಷಯವನ್ನು ಸರಳ ಕನ್ನಡದಲ್ಲಿ ಬರೆಸಿ, ಮುಂದಿನ ಸಂಬಳದ ದಿನಕ್ಕೆ ಮುನ್ನವೇ ಕಾರ್ಖಾನೆಯ ಸೂಚನಾ ಫಲಕದಲ್ಲಿ ಹಾಕಿಸುವುದು ಲೇಸು.